ಬಿರಡೆಗೆ ಎದುರಾದ ತಿರುಪು ಮುಚ್ಚಳ

ವೈನ್ ಸೀಸೆಗೆ ಮರದ ತೊಗಟೆಯ ಬಿರಡೆ ಜಡಿಯುವುದು ಶತಮಾನಗಳ ರೂಢಿ. ಆದರೆ ಬಿರಡೆಯಲ್ಲಿ ಕೆಲವೊಮ್ಮೆ ಸೇರಿರುವ ಟಿಸಿಎ ಎಂಬ ರಾಸಾಯನಿಕ ಒಳ್ಳೆಯ ವೈನಿಗೂ ಒದ್ದೆ ರಟ್ಟಿನ ಮುಗ್ಗಲು ವಾಸನೆ ತರುತ್ತದೆ. ಬಿರಡೆಯ ಕಾಟಕ್ಕೆ ಬೇಸತ್ತ ಆಸ್ಟ್ರೇಲಿಯದ ಯಲುಂಬಾ ಕಂಪೆನಿ 1964ರಲ್ಲಿ ಫ್ರಾನ್ಸಿನ ಮುಚ್ಚಳ ತಯಾರಕರ ಮೊರೆಹೊಕ್ಕಿತು. ಅದರ ಫಲವೇ ‘ಸ್ಟೆಲ್ವಿನ್’ ಎಂಬ ಅಲ್ಯೂಮಿನಿಯಂ ತಿರುಪು ಮುಚ್ಚಳ.

ಯಂತ್ರಕ್ಕೆ ಬರುವಾಗ ಈ ಮುಚ್ಚಳದಲ್ಲಿ ತಿರುಪಿನ ಗೆರೆಗಳೇ ಇರುವುದಿಲ್ಲ. ನುಣುಪಾದ ಆ ಟೊಪ್ಪಿಗೆಯನ್ನು ಸೀಸೆಗೆ ತೊಡಿಸಿ, ಯಂತ್ರದ ತಲೆ ಮೇಲಿನಿಂದ ಒತ್ತಿ ಹಿಡಿಯುತ್ತದೆ. ಸುತ್ತ ತಿರುಗುವ ಪುಟ್ಟ ಉರುಳೆಗಳು ಲೋಹವನ್ನು ಗಾಜಿನ ಜಾಡಿಗೆ ಒತ್ತಿ ಗೆರೆ ಮೂಡಿಸುತ್ತವೆ. ಇನ್ನೆರಡು ಉರುಳೆಗಳು ಕೆಳಗಿನ ಅಂಚನ್ನು ಬಿಗಿಯುತ್ತವೆ.

1970ರ ದಶಕದ ಗ್ರಾಹಕರು ಇದನ್ನು ಅಗ್ಗದ ಮಾಲಿನ ಗುರುತೆಂದು ದೂರವಿಟ್ಟರು. 2000ದಲ್ಲಿ ಕ್ಲೇರ್ ಕಣಿವೆಯ ಕೆಲವು ತಯಾರಕರು ತಮ್ಮ ಉತ್ತಮ ರೀಸ್ಲಿಂಗ್ ವೈನಿಗೇ ಇದನ್ನು ಹಾಕಿದಾಗ ಆ ಕಳಂಕ ಕಳಚತೊಡಗಿತು. ಈಗ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಬಿರಡೆಯೇ ಅಪರೂಪ.