ಸರ್ವಜ್ಞನನ್ನು ಹುಡುಕಿ ಹೊರಟ ಪಾದ್ರಿ

ಬೀಳಗಿ ತಾಲ್ಲೂಕಿನ ಬಾಡಗಂಡಿಯಿಂದ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಯವರೆಗಿನ ಸೀಮೆಯಲ್ಲಿ ಸರ್ವಜ್ಞನ ಹೆಸರು ಕೇಳದವರು ಸಿಗುವುದು ಕಷ್ಟ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರೂ ಮಾತಿನ ನಡುವೆ ಒಂದು ತ್ರಿಪದಿ ಹೇಳಿ ಎದುರಿಗಿದ್ದವರ ಬಾಯಿ ಮುಚ್ಚಿಸಬಲ್ಲರು. ಆದರೆ ಬಾಯಿಂದ ಬಾಯಿಗೆ ಹರಿದು ಬಂದ ಈ ಮಾತುಗಳನ್ನು ಊರೂರು ಅಲೆದು ಕೂಡಿಸಿ, ಒಂದಕ್ಕೊಂದು ತಾಳೆ ನೋಡಿ, ದೊಡ್ಡ ಪುಸ್ತಕವಾಗಿ ನಾಡಿನ ಕೈಗಿತ್ತವರು ಒಬ್ಬ ಕ್ರೈಸ್ತ ಪಾದ್ರಿ ಎಂಬುದು ಅನೇಕರಿಗೆ ತಿಳಿದಿಲ್ಲ. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು.

ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮನೆತನದ ಹೆಸರು ಬಂದದ್ದು ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಎಂಬ ಹಳ್ಳಿಯಿಂದ. ಅವರ ಹಿರಿಯರು ಲಿಂಗಾಯತರು. ಆಮೇಲೆ ಕ್ರೈಸ್ತ ಮತಕ್ಕೆ ಸೇರಿದವರು. ಮತ ಬದಲಾದರೂ ಊರಿನ ಹೆಸರು ಬಿಡಲಿಲ್ಲ, ಮಾತು ಬಿಡಲಿಲ್ಲ. ಮಗನಿಗೆ ಇಟ್ಟ ಹೆಸರೂ ನೆಲದ್ದೇ ಆಗಿತ್ತು. ಮಂಗಳೂರಿನಲ್ಲಿ ದೇವಜ್ಞಾನದ ಶಿಕ್ಷಣ ಪಡೆದ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ಉತ್ತರ ಕರ್ನಾಟಕದಲ್ಲಿ ಕೆಲಸ ಮಾಡಿದರು.

ಆ ಮಿಷನ್ನಿನ ಹಿನ್ನೆಲೆಯನ್ನು ಇಲ್ಲಿ ನೆನೆಯಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲಿ ನೆಲೆಯೂರಿದರು. ಬಂದದ್ದು ಮತ ಪ್ರಚಾರಕ್ಕೆ. ಆದರೆ ಜನರೊಡನೆ ಮಾತನಾಡಬೇಕಾದರೆ ಜನರ ಸಾಹಿತ್ಯ ಓದಬೇಕಲ್ಲ! ಹಾಗಾಗಿ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ. 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ. ಕಿಟೆಲ್ 1894ರಲ್ಲಿ ತನ್ನ ಮಹಾ ನಿಘಂಟನ್ನು ಕೊಟ್ಟ. ಪರದೇಶದಿಂದ ಬಂದ ಇವರಿಗೆ ಕನ್ನಡ ಕಲಿತ ಭಾಷೆ. ಉತ್ತಂಗಿಯವರಿಗೆ ಅದು ತಾಯಿಯ ಮಾತು. ಅವರ ಕೆಲಸ ಬೇರೆಯಾದದ್ದು ಈ ಕಾರಣಕ್ಕೆ.

ಪಾದ್ರಿಯ ವೃತ್ತಿ ತಿರುಗಾಟದ ವೃತ್ತಿ. ಊರಿಂದೂರಿಗೆ ಹೋಗಬೇಕು, ಮನೆಮನೆ ಹೊಗಬೇಕು. ಉತ್ತಂಗಿಯವರು ಈ ತಿರುಗಾಟದಲ್ಲಿ ಜನರಿಗೆ ಹೇಳಿದ್ದಷ್ಟೇ ಅಲ್ಲ, ಜನರಿಂದ ಕೇಳಿಸಿಕೊಂಡರು. ಓಲೆಗರಿ, ಹಳೆಯ ಕಾಗದದ ಪ್ರತಿ, ಮುದುಕರ ನೆನಪು—ಸಿಕ್ಕಿದ್ದೆಲ್ಲ ಸೇರಿಸಿದರು. ಹೀಗೆ ಕೂಡಿಸಿದ ಸುಮಾರು ಎರಡು ಸಾವಿರ ತ್ರಿಪದಿಗಳು 1924ರಲ್ಲಿ ‘ಸರ್ವಜ್ಞನ ವಚನಗಳು’ ಎಂದು ಪ್ರಕಟವಾದವು.

ಈ ಕೆಲಸ ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಠಿಣ. ತ್ರಿಪದಿ ಎಂದರೆ ಮೂರೇ ಸಾಲು. ಪ್ರಾಸ ಬಿಗಿಯಾಗಿರುವುದರಿಂದ ನೆನಪಿನಲ್ಲಿ ನಿಲ್ಲುತ್ತದೆ ನಿಜ. ಆದರೆ ಹೇಳುವವರ ಸೀಮೆಗೆ ತಕ್ಕಂತೆ ಒಂದೊಂದು ಶಬ್ದ ಜಾರುತ್ತದೆ. ಇನ್ನೊಂದು ತೊಡಕೂ ಇದೆ. ಕೊನೆಗೆ ‘ಸರ್ವಜ್ಞ’ ಎಂಬ ಅಂಕಿತ ಸೇರಿಸಿಬಿಟ್ಟರೆ ಯಾರ ಮಾತಾದರೂ ಸರ್ವಜ್ಞನದಾಗುತ್ತದೆ. ಯಾವುದು ಕವಿಯದು, ಯಾವುದು ಜನ ಸೇರಿಸಿದ್ದು? ಎರಡು ಪಾಠಗಳಿದ್ದರೆ ಯಾವುದು ಹಳೆಯದು? ತನ್ನ ಮತಕ್ಕೆ, ತನ್ನ ರುಚಿಗೆ ಒಗ್ಗದ್ದನ್ನು ಬಿಟ್ಟುಬಿಡುವ ಆಸೆ ಸಂಪಾದಕನಿಗೆ ಇಲ್ಲಿ ಬಹಳ. ಗುರು, ಲಿಂಗ, ಜಂಗಮರ ಮಾತು ಸರ್ವಜ್ಞನಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ಪಾದ್ರಿಯೊಬ್ಬರು ಅವನ್ನೂ ಶ್ರದ್ಧೆಯಿಂದ ಕೂಡಿಸಿ, ವಿಷಯಕ್ಕೆ ತಕ್ಕಂತೆ ವಿಂಗಡಿಸಿ ಇಟ್ಟರು. ಅವರ ಪ್ರಾಮಾಣಿಕತೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದೇ ಕಾಲದಲ್ಲಿ ಇನ್ನೊಬ್ಬರು ಇಂಥದೇ ಹುಡುಕಾಟದಲ್ಲಿದ್ದರು. ಅವರು ಫ.ಗು. ಹಳಕಟ್ಟಿಯವರು. ಹುಟ್ಟಿದ್ದು 1880ರಲ್ಲಿ, ಅದೇ ಧಾರವಾಡದಲ್ಲಿ! ಮುಂದೆ ವಕೀಲರಾದ ಹಳಕಟ್ಟಿಯವರು 1903ರಲ್ಲಿ ರಬಕವಿ-ಬನಹಟ್ಟಿಗೆ ಹೋದಾಗ ಮಂಚಾಲೆಯವರ ಮನೆಯಲ್ಲಿ ವಚನಗಳ ತಾಡವೋಲೆ ಕಟ್ಟುಗಳನ್ನು ಕಂಡರು. ಅವರ ಬಾಳಿನ ದಾರಿಯನ್ನೇ ತಿರುಗಿಸಿದ ನೋಟ ಅದು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಹೊರಬಂತು. ಮರುವರ್ಷವೇ ಉತ್ತಂಗಿಯವರ ಸರ್ವಜ್ಞ. ಒಂದೇ ಊರಿನಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರು, ಒಂದು ವರ್ಷದ ಅಂತರದಲ್ಲಿ ಕನ್ನಡಕ್ಕೆ ಎರಡು ನಿಧಿಗಳನ್ನು ಕೊಟ್ಟರು.

ಇಲ್ಲೊಂದು ವಿಪರ್ಯಾಸವಿದೆ. ಹಳಕಟ್ಟಿಯವರು ತಮ್ಮ ವಚನಗಳ ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ್ದರೆಂದೂ, ಅಲ್ಲಿನವರು ಅಚ್ಚು ಹಾಕದೆ ಹಿಂದಕ್ಕೆ ಕಳಿಸಿದರೆಂದೂ ಹೇಳುವುದುಂಟು. ಇಂಥ ಉನ್ನತ ವಿಚಾರಗಳು ಇಲ್ಲಿಯವರ ಬಳಿಯೇ ಇವೆಯೆಂದಾದರೆ ತಮ್ಮ ಪ್ರಚಾರಕ್ಕೆ ಎಲ್ಲಿ ನೆಲೆ ಎಂಬ ಅಳುಕು ಅವರದಾಗಿತ್ತೆಂದು ಆ ಕಥೆ. ಕಥೆ ಎಷ್ಟರ ಮಟ್ಟಿಗೆ ನಿಜವಿದ್ದರೂ, ಅದೇ ಮಿಷನ್ನಿನ ಪಾದ್ರಿಯೊಬ್ಬರು ಮುಂದೆ ಶರಣರ ವಚನಗಳ ಸಂಪಾದನೆಗೇ ಕೈಹಾಕಿದ್ದು ಮಾತ್ರ ದಿಟ. ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯರ ವಚನಗಳನ್ನು ಅವರು ಸಂಪಾದಿಸಿದರು. ಎಸ್.ಎಸ್. ಭೂಸನೂರಮಠರ ಜೊತೆಗೂಡಿ ಸಿದ್ಧರಾಮನ ಸಾಹಿತ್ಯವನ್ನೂ ಆದಯ್ಯನ ವಚನಗಳನ್ನೂ ಹೊರತಂದರು.

ಅನುಭವ ಮಂಟಪ ಎಂಬುದು ನಿಜವಾಗಿ ಇತ್ತೇ, ಅಥವಾ ಮುಂದಿನ ಕವಿಗಳ ಕಲ್ಪನೆಯೇ ಎಂಬ ಸಂಶಯವನ್ನು ವಿದ್ವಾಂಸರು ಎತ್ತಿದಾಗ ಅದಕ್ಕೆ ಉತ್ತರ ಬರೆದವರಲ್ಲಿಯೂ ಇವರು ಮುಖ್ಯರು. 1951ರ ‘ಅನುಭವ ಮಂಟಪದ ಐತಿಹಾಸಿಕತೆ’ ಅಂಥ ಕೃತಿ. ಈ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಬಸವಣ್ಣನ ಕಾಲದ ಸಂಸ್ಥೆಯೊಂದರ ಪರವಾಗಿ ವಾದಕ್ಕೆ ನಿಂತವರು ಒಬ್ಬ ಸಭಾಪಾಲಕರು ಎಂಬುದನ್ನು ಮರೆಯಬಾರದು.

ಹಾಗೆಂದು ಅವರು ತಮ್ಮ ನಂಬಿಕೆಯನ್ನು ಸಡಿಲಿಸಿದವರೆಂದು ತಿಳಿಯುವುದು ತಪ್ಪು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕ ಬರೆದವರೂ ಅವರೇ. ಆ ಹೆಸರಿನಲ್ಲಿರುವ ‘ವಿನಂತಿ’ ಎಂಬ ಶಬ್ದವನ್ನು ಗಮನಿಸಬೇಕು. ಅದು ಅಪ್ಪಣೆಯಲ್ಲ, ಸವಾಲೂ ಅಲ್ಲ. ತನ್ನ ಮನೆಯಲ್ಲಿ ಗಟ್ಟಿಯಾಗಿ ನಿಂತು ನೆರೆಮನೆಯವರನ್ನು ಗೌರವದಿಂದ ಮಾತಾಡಿಸುವ ರೀತಿ ಅದು. ಇಂಥವರಿಗೆ ಎರಡೂ ಕಡೆಯಿಂದ ಪ್ರಶ್ನೆ ಬರುವುದು ಸಹಜ. ಪಾದ್ರಿಗೆ ಶರಣರ ಗೊಡವೆ ಏಕೆಂದು ಒಂದು ಕಡೆ. ಶರಣರ ಮಾತು ಪಾದ್ರಿಗೆ ಹೇಗೆ ತಿಳಿದೀತೆಂದು ಇನ್ನೊಂದು ಕಡೆ. ಅವರ ಪುಸ್ತಕಗಳೇ ಎರಡಕ್ಕೂ ಉತ್ತರ.

1949ರಲ್ಲಿ ಕಲಬುರ್ಗಿಯಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರು ಅಧ್ಯಕ್ಷರಾದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ರಜಾಕಾರರ ಕಾಲದ ಗಾಯ ಇನ್ನೂ ಹಸಿಯಾಗಿತ್ತು. ಮತದ ಹೆಸರಿನಲ್ಲಿ ಮನಸ್ಸುಗಳು ಒಡೆದಿದ್ದವು. ಅಂಥ ಹೊತ್ತಿನಲ್ಲಿ, ಅಂಥ ಊರಿನಲ್ಲಿ, ಕನ್ನಡಿಗರು ತಮ್ಮ ಸಾಹಿತ್ಯದ ಹಿರಿಯ ಪೀಠದಲ್ಲಿ ಒಬ್ಬ ಕ್ರೈಸ್ತ ಪಾದ್ರಿಯನ್ನು ಕೂಡಿಸಿದರು.

1962ರಲ್ಲಿ ತೀರಿಕೊಂಡ ಉತ್ತಂಗಿಯವರು ‘ತಿರುಳ್ಗನ್ನಡದ ತಿರುಕ’ ಎಂದೇ ಹೆಸರಾದವರು. ತಿರುಕನೆಂದರೆ ಭಿಕ್ಷೆ ಬೇಡುವವನು. ಸರ್ವಜ್ಞನೂ ಕಪ್ಪರ ಹಿಡಿದು ತಿರಿದವನೇ. ಅವನು ಬೇಡಿದ್ದು ಅನ್ನ, ಕೊಟ್ಟದ್ದು ಮಾತು. ಈ ಪಾದ್ರಿ ಮನೆಮನೆಯಲ್ಲಿ ಬೇಡಿದ್ದು ಆ ಮಾತನ್ನೇ. ಬೇಡಿದ್ದನ್ನೆಲ್ಲ ಬೇಡಿದವರಿಗೇ ತಿರುಗಿ ಹಂಚಿದರು. ಮುಂದಿನ ಸಲ ಹಿರಿಯರೊಬ್ಬರ ಬಾಯಲ್ಲಿ ತ್ರಿಪದಿ ಕೇಳಿದಾಗ ಅವರನ್ನೂ ಒಮ್ಮೆ ನೆನೆಯೋಣ.