ಕೈ ಬದಲಾದ ಗಿಣಿ

ನಾನು ಬಾಲ್ಯದಲ್ಲಿ ಕಂಡ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ತೊಟ್ಟಿಮನೆಗಳಲ್ಲಿ, ಪಡಸಾಲೆಯ ಜಂತೆಗೆ ತೂಗುಹಾಕಿದ ಪಂಜರದೊಳಗಿನ ಗಿಣಿಯು ಆ ಮನೆಯಲ್ಲಿಯೇ ರೆಕ್ಕೆ ಬಲಿತು ಬೆಳೆದುದಾಗಿರುತ್ತಿದ್ದುದು ಅಪರೂಪ. ಬೇರೆ ಊರಿಗೆ ವರ್ಗವಾದ ಗುಮಾಸ್ತರು, ಮಗನೊಡನೆ ಇರಲು ಬೆಂಗಳೂರಿಗೆ ಹೊರಟ ಮುದುಕಿ, ಮನೆಯಲ್ಲಿ ಬಾಣಂತಿಯಿದ್ದಾಳೆ, ಕೂಸು ನಿದ್ದೆಯಲ್ಲಿ ಬೆಚ್ಚುತ್ತದೆ ಎಂಬ ನೆಪ ಹೇಳುವ ಸೊಸೆ, ಹೀಗೆ ಯಾರೋ ಒಬ್ಬರು ಒಂದು ಸಂಜೆ ಪಂಜರವನ್ನು ತಂದು ಜಗುಲಿಯ ಮೇಲಿಟ್ಟು, ಅದರ ಹೆಸರನ್ನೂ ಅದಕ್ಕೆ ಪ್ರಿಯವಾದ ಹಣ್ಣನ್ನೂ ತಿಳಿಸಿ, ತಿರುಗಿ ನೋಡದೆ ಹೋದರೆಂದರೆ ಆ ಗಿಣಿಗೆ ಹಿಂದಿನ ಮನೆಯ ಋಣ ತೀರಿತೆಂದೇ ಅರ್ಥ. ‘ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟಂತೆ’ ಎಂಬ ಗಾದೆಯನ್ನು ನಮ್ಮವರು ಹೆಣ್ಣು ಕೊಡುವ ಪ್ರಸಂಗದಲ್ಲಿ ಹೇಳುವರಾದರೂ, ಸಾಕಿದ ಗಿಣಿಯನ್ನು ಪರರ ಕೈಗೆ ಒಪ್ಪಿಸುವ ರೂಢಿಯಿಲ್ಲದ ನಾಡಿನಲ್ಲಿ ಅಂತಹ ಗಾದೆ ಹುಟ್ಟುತ್ತಿತ್ತೆಂದು ನನಗೆ ತೋರುವುದಿಲ್ಲ. ಮರಿಗಿಣಿಗೆ ಮಾತು ಕಲಿಸುವುದು ಒಂದು ವಿದ್ಯೆ. ಮೊದಲೇ ಒಂದು ಮನೆಯ ಪಾಠ ಓದಿ ಬಂದ ಗಿಣಿಗೆ ಮತ್ತೊಂದು ಮನೆಯ ಪಾಠವನ್ನು ಹೇಳಿಕೊಡುವುದು ಬೇರೆಯೇ ವಿದ್ಯೆ. ಇವೆರಡರಲ್ಲಿ ಮೊದಲನೆಯದನ್ನು ಶಾಸ್ತ್ರಕಾರರು ಲೆಕ್ಕಕ್ಕೆ ಹಿಡಿದರು. ಎರಡನೆಯದು ಅಡಿಗೆಮನೆಯ ಹೆಂಗಸರ ಪಾಲಿಗೆ ಉಳಿಯಿತು.

ಶಾಸ್ತ್ರಕಾರರೆಂದರೆ ಮುಖ್ಯವಾಗಿ ವಾತ್ಸ್ಯಾಯನ. 1,500 ವರ್ಷಗಳಿಗೂ ಹಿಂದಿನ ಆತನ ಕಾಮಸೂತ್ರದ 64 ಕಲೆಗಳ ಪಟ್ಟಿಯಲ್ಲಿ ಗೀತ, ವಾದ್ಯ, ನೃತ್ಯಗಳ ಜತೆಗೇ ಶುಕಸಾರಿಕೆಗಳಿಗೆ, ಎಂದರೆ ಗಿಣಿಗೂ ಗೊರವಂಕಕ್ಕೂ ಮಾತು ಕಲಿಸುವ ಕಲೆಗೂ ಒಂದು ಸ್ಥಾನವುಂಟು. ನಾಗರಿಕನಾದವನು ಊಟವಾದ ಮೇಲೆ ಈ ಕೆಲಸದಲ್ಲಿ ಕೆಲವು ಹೊತ್ತನ್ನು ಕಳೆಯಬೇಕೆಂದು ಅಲ್ಲಿ ವಿಧಿಸಿದೆ. ಅದಕ್ಕೂ ಪೂರ್ವದಲ್ಲಿ, ಕ್ರಿಸ್ತಪೂರ್ವ 400ರ ಸುಮಾರಿಗೆ, ಪಾರಸೀಕ ಚಕ್ರವರ್ತಿಯ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ಟೀಸಿಯಸನೆಂಬ ಗ್ರೀಕನು, ಭಾರತದ ಒಂದು ಪಕ್ಷಿ ತನ್ನ ನಾಡಿನ ಭಾಷೆಯನ್ನು ಮನುಷ್ಯರಂತೆಯೇ ಆಡುತ್ತದೆಂದೂ ಕಲಿಸಿದರೆ ಗ್ರೀಕನ್ನೂ ಆಡಬಲ್ಲುದೆಂದೂ ಬರೆದಿಟ್ಟನು. ರೋಮಿನ ಪ್ಲಿನಿಯಾದರೋ ಗಿಣಿಯ ತಲೆ ಬಲು ಗಟ್ಟಿಯಾದುದರಿಂದ ಮಾತು ಕಲಿಸುವಾಗ ಕಬ್ಬಿಣದ ಕಡ್ಡಿಯಿಂದ ಹೊಡೆಯಬೇಕು, ಇಲ್ಲವಾದರೆ ಅದಕ್ಕೆ ಪೆಟ್ಟೇ ತಾಗದು ಎಂದು ಹೇಳಿದ್ದಾನೆ. ಈ ಉಪಾಧ್ಯಾಯರ ಶಿಷ್ಯರು ಎಷ್ಟು ಕಾಲ ಬದುಕಿದರೋ! ನಮ್ಮ ಸೀಮೆಯ ಅತ್ಯಂತ ಮುಂಗೋಪಿಯಾದ ಮುದುಕಿಯೂ ಗಿಣಿಗೆ ಕಡ್ಡಿ ತೋರಿಸಿದ್ದನ್ನು ನಾನು ನೋಡಿಲ್ಲ.

ಆದರೆ ಕೈಯಿಂದ ಕೈಗೆ ಹೋದ ಗಿಣಿಯ ಚರಿತ್ರೆಯನ್ನು ಶಾಸ್ತ್ರದಲ್ಲಲ್ಲ, ಕಾವ್ಯದಲ್ಲಿ ಹುಡುಕಬೇಕು. ಏಳನೆಯ ಶತಮಾನದ ಬಾಣಭಟ್ಟನ ಕಾದಂಬರಿಯನ್ನು ನಾಗವರ್ಮನು ಕನ್ನಡಕ್ಕೆ ಚಂಪುವಾಗಿ ತಂದನಷ್ಟೆ. ಆ ಕಥೆಯನ್ನು ಹೇಳುವ ವೈಶಂಪಾಯನನೆಂಬ ಗಿಣಿ ಎಷ್ಟು ಮನೆಗಳನ್ನು ಬದಲಿಸಿತೆಂಬುದನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪಂಪಾಸರೋವರದ ಬಳಿಯ ಬೂರುಗದ ಮರದ ಪೊಟರೆಯಲ್ಲಿ ಹುಟ್ಟಿ, ಬೇಡನು ತಂದೆಯನ್ನು ಕೊಂದು ಕೆಳಕ್ಕೆಸೆದಾಗ ತರಗೆಲೆಗಳ ನಡುವೆ ಬಿದ್ದು ಬದುಕಿಕೊಂಡು, ಹಾರೀತನ ಅಂಗೈಯಲ್ಲಿ ಜಾಬಾಲಿಯ ಆಶ್ರಮವನ್ನು ಸೇರಿ, ಅಲ್ಲಿಂದ ಹಾರಿಹೋಗುವಾಗ ಬಲೆಗೆ ಸಿಕ್ಕಿ ಚಂಡಾಲರ ಕೇರಿಯನ್ನು ಕಂಡು, ಕೊನೆಗೆ ಒಬ್ಬ ಕನ್ಯೆಯೊಡನೆ ಚಿನ್ನದ ಪಂಜರದಲ್ಲಿ ಶೂದ್ರಕನೆಂಬ ದೊರೆಯ ಓಲಗಕ್ಕೆ ಬಂದ ಆ ಪಕ್ಷಿಯು ಬಲಗಾಲನ್ನೆತ್ತಿ ದೊರೆಗೆ ವಂದಿಸಿ ಶ್ಲೋಕವನ್ನು ಹೇಳುತ್ತದೆ. ಈ ಕಾಲೆತ್ತುವಿಕೆಯನ್ನು ವ್ಯಾಖ್ಯಾನಕಾರರು ಹೇಗೆ ಬೇಕಾದರೂ ವಿವರಿಸಲಿ. ಗಿಣಿ ಸಾಕಿದವರಿಗೆ ಅದರ ಗುಟ್ಟು ಗೊತ್ತು. ಎರಡು ಬೆರಳು ಮುಂದಕ್ಕೂ ಎರಡು ಹಿಂದಕ್ಕೂ ಇರುವ ಕಾಲಿನಿಂದ ಆಹಾರವನ್ನು ಹಿಡಿದು ಬಾಯಿಗೆ ಒಯ್ಯುವುದು ಅದರ ಹುಟ್ಟುಗುಣ. ಕಾಳು ಕೊಡುವ ಕೈಯನ್ನು ತುಸು ಮೇಲೆ, ತುಸು ದೂರದಲ್ಲಿ ಹಿಡಿದು ಕಾದರೆ ಅದು ತಾನಾಗಿ ಕಾಲೆತ್ತುತ್ತದೆ, ಆ ಕ್ಷಣದಲ್ಲಿಯೇ ‘ನಮಸ್ಕಾರ’ ಎಂದು ನುಡಿದು ಕಾಳು ಕೊಟ್ಟರಾಯಿತು. ಕೆಲವು ದಿನಗಳ ಅನಂತರ ಕಾಳಿಲ್ಲದೆಯೂ ಬಂದವರಿಗೆಲ್ಲ ನಮಸ್ಕಾರವೇ.

ಹಳೆಯ ಕನ್ನಡಿಗರು ಗಿಣಿ ಮಾತನಾಡುತ್ತದೆ ಎನ್ನುವುದಕ್ಕಿಂತ ‘ಓದುತ್ತದೆ’ ಎನ್ನುವುದನ್ನೇ ಮೆಚ್ಚಿದಂತೆ ಕಾಣುತ್ತದೆ. ಕಾಡಿನಲ್ಲಿ ಚೆನ್ನಮಲ್ಲಿಕಾರ್ಜುನನನ್ನು ಹುಡುಕುವ ಅಕ್ಕಮಹಾದೇವಿಗೂ ಗಿಳಿಗಳು ಓದುವ ಜೀವಿಗಳೇ. ತನ್ನ ಮೇಲೆ ಬೀಳಲಿರುವ ಬೆಕ್ಕನ್ನು ಮುಂದಾಗಿ ತಿಳಿಯಲಾರದ ಗಿಳಿಯನ್ನು ನೆನೆದು ಬಸವಣ್ಣನವರು ಹಾಸ್ಯಮಾಡಿದುದೂ ಅದರ ಓದನ್ನೇ. ‘ಗಿಣಿಪಾಠ’ ಎಂಬ ಮಾತು ಶಾಲೆಯ ಮಕ್ಕಳ ಮೇಲೆ ಇಂದಿಗೂ ಪ್ರಯೋಗವಾಗುತ್ತಿರುವುದಕ್ಕೆ ಹಿನ್ನೆಲೆ ಇದು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರಲ್ಲಿ ಶುಕಭಾಷಿಣಿಯೆಂದು ಹೆಸರಾದವಳು ಕೈಯ ಮೇಲಿನ ಗಿಣಿಯೊಡನೆ ಏನನ್ನೋ ನುಡಿಯುತ್ತ ನಿಂತಿರುವುದನ್ನು ನೋಡಿದಾಗಲೆಲ್ಲ, ಪಾಠ ಹೇಳುತ್ತಿರುವವರು ಯಾರು, ಕೇಳುತ್ತಿರುವವರು ಯಾರು ಎಂಬ ಸಂಶಯ ನನಗೆ ಬರುವುದುಂಟು.

ನಮ್ಮ ಸೀಮೆಗೆ ಬರೋಣ. ಹೊಲದಲ್ಲಿ ಗಿಣಿ ಒಕ್ಕಲಿಗನ ಶತ್ರು. ಮನೆಯಲ್ಲಿ ಆತನ ಮಗು. ಜೋಳ, ಸಜ್ಜೆಗಳು ಹಾಲುಗಾಳಾಗುವ ಹೊತ್ತಿಗೆ ಹಸುರು ಮೋಡದಂತೆ ಇಳಿಯುವ ಗಿಣಿಹಿಂಡು ತಿನ್ನುವುದಕ್ಕಿಂತ ಕತ್ತರಿಸಿ ಕೆಡಹುವುದೇ ಹೆಚ್ಚಾದುದರಿಂದ, ಹೊಲದ ನಡುವೆ ಅಟ್ಟಣೆ ಕಟ್ಟಿ, ಕವಣೆಯಿಂದ ಕಲ್ಲು ಬೀಸುತ್ತ, ತಗಡು ಬಡಿಯುತ್ತ ಹಕ್ಕಿ ಕಾಯುವುದು ಹುಡುಗರಿಗೂ ಹೆಂಗಸರಿಗೂ ಮೀಸಲಾದ ಕೆಲಸವಾಗಿತ್ತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ ಮುಗಿದು, ಹುಲಿಕೆರೆಯ ಸುರಂಗವನ್ನು ಹಾದು ಬಂದ ವಿಶ್ವೇಶ್ವರಯ್ಯ ನಾಲೆಯ ನೀರು 1930ರ ದಶಕದಲ್ಲಿ ಈ ಮೂರು ತಾಲ್ಲೂಕುಗಳ ಬಯಲನ್ನು ತಲಪಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದುವು, ಕಬ್ಬು ಬಂದಿತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಕೊಳವೆಯಿಂದ ಹೊಗೆಯೆದ್ದಿತು. ಗಿಣಿಗಳಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಭತ್ತ ಅವಕ್ಕೆ ಪರಮಾನ್ನ, ತೋಟಗಳಲ್ಲಿ ಸುಳಿ ಸತ್ತು ನಿಂತ ತೆಂಗಿನ ಬೊಡ್ಡೆಯಂತೂ ಕೊರೆದು ಗೂಡು ಮಾಡಲು ಹೇಳಿ ಮಾಡಿಸಿದಂತಹ ಮನೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ಹಿತ್ತಿಲ ಮರವನ್ನೇ ಬಿಟ್ಟುಕೊಡುತ್ತಾರೆ. ಗಿಣಿಗೆ ಅಂತಹ ಗೌರವ ಎಲ್ಲಿಯೂ ದೊರೆತಂತಿಲ್ಲ. ಅದಕ್ಕೆ ದೊರೆತುದು ಪಂಜರ.

ಪೊಟರೆಯಿಂದ ಮರಿ ಇಳಿಸಿ ಸಂತೆಗೆ ತರುತ್ತಿದ್ದವರಲ್ಲಿ ಹಕ್ಕಿಪಿಕ್ಕಿಗಳು ಪ್ರಸಿದ್ಧರಾಗಿದ್ದರು. ಮನೆಯಲ್ಲಿ ಗುಜರಾತಿಗೆ ಹತ್ತಿರವಾದ ವಾಗ್ರಿ ಮಾತನ್ನೂ ಹೊರಗೆ ಮೂರು ನಾಲ್ಕು ಭಾಷೆಗಳನ್ನೂ ಆಡಬಲ್ಲ ಈ ಜನರಿಗಿಂತ ಮಾತು ಕಲಿತ ಗಿಣಿ ಯಾವುದಿದ್ದೀತು! ಗಂಡು ಗಿಣಿಯೇ ಚೆನ್ನಾಗಿ ಮಾತನಾಡುವುದೆಂಬ ನಂಬಿಕೆ ಕೊಳ್ಳುವವರಲ್ಲಿ ಬಲವಾಗಿತ್ತು. ಆದರೆ ಗಂಡಿನ ಕೊರಳಿನ ಕೆಂಪುಕಪ್ಪು ಬಳೆ ಮೂಡುವುದು ಸುಮಾರು ಮೂರನೆಯ ವರ್ಷಕ್ಕೆ. ಆದುದರಿಂದ ಸಂತೆಯಲ್ಲಿ ಮಾರಿದ ಮರಿಗಳೆಲ್ಲವೂ ಗಂಡೇ ಆಗಿರುತ್ತಿದ್ದುವು, ಬಳೆ ಮೂಡದಿದ್ದಾಗ ಕೇಳಲು ಮಾರಿದವನು ಅಲ್ಲಿರುತ್ತಿರಲಿಲ್ಲ. ಹಸಿಮೆಣಸಿನಕಾಯಿ ತಿನ್ನಿಸಿದರೆ ನಾಲಗೆ ಚುರುಕಾಗುವುದೆಂಬುದು ಇನ್ನೊಂದು ನಂಬಿಕೆ. ಪಕ್ಷಿಗಳಿಗೆ ಮೆಣಸಿನಕಾಯಿಯ ಖಾರ ತಾಗುವುದೇ ಇಲ್ಲವೆಂದು ಈಗ ತಿಳಿದವರು ಹೇಳುತ್ತಾರೆ. ನಮ್ಮ ಕಣ್ಣಲ್ಲಿ ನೀರು ಬರಿಸುವುದನ್ನು ಅದು ಕಡಲೆಯಂತೆ ಅಗಿಯುವುದನ್ನು ಕಂಡು, ಅದರ ವಾಕ್ಶಕ್ತಿಗೆ ಇದೇ ಕಾರಣವೆಂದು ಹಿರಿಯರು ಊಹಿಸಿದುದರಲ್ಲಿ ಆಶ್ಚರ್ಯವಿಲ್ಲ.

ಆಟ ಕಲಿತ ಗಿಣಿಯೆಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಗಿಣಿಶಾಸ್ತ್ರದ ಗಿಣಿ. ಉತ್ತರ ದೇಶದ ಪಟ್ಟಣಗಳಲ್ಲಿ ಗೀಜಗಕ್ಕೆ ಆಟಿಕೆಯ ಫಿರಂಗಿ ಹಾರಿಸುವುದನ್ನು ಕಲಿಸುತ್ತಿದ್ದರಂತೆ. ನಮ್ಮಲ್ಲಿ ಗಿಣಿಗೆ ಕಲಿಸಿದುದು ಮನುಷ್ಯನ ಹಣೆಬರೆಹವನ್ನು ಎತ್ತುವುದು. ಮಳವಳ್ಳಿಯ ಸಿಡಿಹಬ್ಬದಲ್ಲಿ, ಅರಳಿಕಟ್ಟೆಯ ಪಕ್ಕದಲ್ಲಿ ಚಾಪೆ ಹಾಸಿ ಕುಳಿತ ಒಬ್ಬಾತ, ತಮಿಳು ಬೆರೆತ ಕನ್ನಡದಲ್ಲಿ ‘ಬಾಮ್ಮಾ ಸೀತಮ್ಮ, ಈ ಅಮ್ಮಾವ್ರ ಹೆಸ್ರಿಗೆ ಒಂದ್ ಚೀಟಿ ತೆಗಿಯಮ್ಮ’ ಎಂದು ಪುಟ್ಟ ಮರದ ಪಂಜರದ ಬಾಗಿಲೆತ್ತುವನು. ಗಿಣಿ ಗೌಡರಂತೆ ತೂಗಾಡುತ್ತ ಹೊರಬಂದು, ಸಾಲಾಗಿ ಜೋಡಿಸಿದ ಚೀಟಿಗಳನ್ನು ಒಂದೊಂದಾಗಿ ಕೊಕ್ಕಿನಿಂದೆತ್ತಿ ಪಕ್ಕಕ್ಕೆ ಹಾಕಿ, ಯಾವುದೋ ಒಂದನ್ನು ಅವನ ಕೈಗಿತ್ತು, ಒಂದು ಭತ್ತದ ಕಾಳನ್ನು ಸುಲಿದು ತಿಂದು, ಯಾರೂ ಹೇಳದೆ ಒಳಗೆ ಹೋಗುವುದು. ಚೀಟಿಯೊಳಗೆ ಗಣಪತಿಯೋ ವೆಂಕಟರಮಣನೋ ಇರುವನು. ಕೆಲವರ ಕಟ್ಟಿನಲ್ಲಿ ಏಸುವೂ ಮೆಕ್ಕಾದ ಚಿತ್ರವೂ ಇರುವುವು, ಏಕೆಂದರೆ ಸಂಕಟ ಎಲ್ಲ ಮತದವರಿಗೂ ಬರುತ್ತದೆ. ತಮಿಳುನಾಡಿನ ಕಡೆ ನಕ್ಷತ್ರಗಳ ಲೆಕ್ಕಕ್ಕೆ ಸರಿಯಾಗಿ 27 ಚೀಟಿಗಳನ್ನಿಡುವ ವಾಡಿಕೆಯಿದೆ. ಬೆಕ್ಕಿನ ಬರವನ್ನು ತಿಳಿಯದ ಪಕ್ಷಿಯಿಂದ ನಮ್ಮ ಭವಿಷ್ಯವನ್ನು ಕೇಳಿಸಿಕೊಳ್ಳುವ ಈ ವಿನೋದವನ್ನು ಬಸವಣ್ಣನವರು ಕಂಡಿದ್ದರೆ ಇನ್ನೊಂದು ವಚನ ನಮಗೆ ದೊರೆಯುತ್ತಿತ್ತೋ ಏನೋ. ಜನ ಕರಗಿದ ಮೇಲೆ ಆತನನ್ನು ಕೇಳಿದೆ: ಕಲಿಸಿದ್ದು ಹೇಗೆ? ಮೊದಮೊದಲು ಚೀಟಿಗಳ ಸಂದಿಯಲ್ಲಿ ಕಾಳು ಬಚ್ಚಿಟ್ಟು, ಹುಡುಕಲು ಅದು ಚೀಟಿ ಎಳೆಯುವಂತೆ ಮಾಡಿ, ಆಮೇಲೆ ಕಾಳನ್ನು ಸಂದಿಯಿಂದ ತನ್ನ ಕೈಗೆ ವರ್ಗಾಯಿಸಿದನಂತೆ. ‘ಬೇರೆಯವ್ರ ಹತ್ರ ಇದ್ದದ್ದು ಸಾರ್ ಇದು. ನನ್ ಬೆರಳು ಇದಕ್ಕೆ ಗುರ್ತು ಸಿಗೋಕೇ ಎರಡು ತಿಂಗ್ಳು ಹಿಡೀತು’ ಎಂದನು.

ಆ ಎರಡು ತಿಂಗಳ ಅರ್ಥ ನನಗೆ ನಮ್ಮ ಅಜ್ಜಿಯ ಮನೆಯಲ್ಲಿ ಮೊದಲೇ ತಿಳಿದಿತ್ತು. 1950ರ ದಶಕದ ಕೊನೆಯಲ್ಲಿ, ಮಂಡ್ಯದಿಂದ ವರ್ಗವಾಗಿ ಹೊರಟ ಗುಮಾಸ್ತರೊಬ್ಬರು ಮದ್ದೂರಿನ ಬಳಿಯ ನಮ್ಮ ಮನೆಗೆ ತಂದುಕೊಟ್ಟ ಗಿಣಿ ಮೊದಲ ಮೂರು ದಿನ ನೀರನ್ನಲ್ಲದೆ ಏನನ್ನೂ ಮುಟ್ಟಲಿಲ್ಲ. ಪಂಜರದ ಮೂಲೆಗೆ ಬೆನ್ನು ಕೊಟ್ಟು, ಬಳಿಗೆ ಬಂದ ಬೆರಳಿಗೆಲ್ಲ ಕೊಕ್ಕು ಚಾಚುತ್ತಿತ್ತು. ನಾವು ಹುಡುಗರು ಸುತ್ತುಗಟ್ಟಿ ‘ರಂಗಾ ಅನ್ನು, ರಂಗಾ ಅನ್ನು’ ಎಂದು ಕಿರುಚುತ್ತಿದ್ದೆವು. ಅಜ್ಜಿ ನಮ್ಮನ್ನು ಓಡಿಸಿ, ಪಂಜರದ ಅರ್ಧಕ್ಕೆ ಹಳೆಯ ಸೀರೆಯ ತುಂಡು ಹೊದಿಸಿ, ‘ಮೊದ್ಲು ನಮ್ ಮನೆ ಅನ್ನ ಅದ್ರ ಮೈಗ್ ಹತ್ಲಿ ಕಣ್ಮಗ, ಮಾತು ತಾನಾಗೇ ಬತ್ತದೆ’ ಎಂದು, ಮೊರ ಹಿಡಿದು ಅದಕ್ಕೆ ಬೆನ್ನು ಮಾಡಿ ಕುಳಿತು ಅಕ್ಕಿ ಆರಿಸಿದಳು. ಪ್ರತಿದಿನವೂ ಅದೇ ಸ್ಥಳ, ಅದೇ ಹೊತ್ತು. ಒಂದೊಂದು ದಿನಕ್ಕೆ ಮೊರ ಒಂದೊಂದು ಗೇಣು ಪಂಜರದ ಹತ್ತಿರಕ್ಕೆ. ಆಕೆ ಆರಿಸಿ ಎಸೆದ ಭತ್ತದ ಕಾಳುಗಳು ತಪ್ಪಿ ಬಿದ್ದಂತೆ ಪಂಜರದೊಳಗೆ ಬೀಳುತ್ತಿದ್ದುವು. ಮೂರನೆಯ ವಾರದ ಒಂದು ದಿನ ಬೆನ್ನ ಹಿಂದೆ ಹೊಟ್ಟು ಸುಲಿಯುವ ಸಣ್ಣ ಸದ್ದು ಕೇಳಿಬಂದಾಗಲೂ ಆಕೆ ತಿರುಗಿ ನೋಡಲಿಲ್ಲ.

ಅನಂತರ ಆಟ ಆರಂಭವಾಯಿತು. ಗಿಣಿ ಕೂರುವ ಕೋಲಿಗೆ ಎರಡು ಬೆರಳುದ್ದದ ದಾರ ಕಟ್ಟಿ, ತುದಿಗೆ ಕೊಬ್ಬರಿಯ ಚೂರನ್ನು ಸಿಕ್ಕಿಸಿದಳು. ಬಗ್ಗಿದರೆ ಬಾಯಿಗೆ ಸಿಗುವಷ್ಟು. ಮರುವಾರ ದಾರ ಚೋಟುದ್ದವಾಯಿತು, ಬಳಿಕ ಗೇಣುದ್ದ. ಗಿಣಿ ಒಂದು ಹೊತ್ತು ಅದನ್ನು ಒಂದೇ ಕಣ್ಣಿನಿಂದ ನೋಡಿ, ಕೊಕ್ಕಿನಿಂದ ದಾರವನ್ನೆಳೆದು, ಎಳೆದ ಸುರುಳಿಯನ್ನು ಕಾಲಿನಿಂದ ಕೋಲಿಗೊತ್ತಿ ಹಿಡಿದು, ಮತ್ತೆ ಬಗ್ಗಿ ಮತ್ತೆ ಎಳೆದು, ಬಾವಿಯಿಂದ ನೀರು ಸೇದುವವಳಂತೆ ಕೊಬ್ಬರಿಯನ್ನು ಮೇಲಕ್ಕೆ ತಂದುದನ್ನು ನೋಡಲು ನೆರೆಮನೆಯವರೆಲ್ಲ ಬಂದರು. ಅಜ್ಜಿಯ ಪಾಠದ ಅವಧಿ ಮಾತ್ರ ಒಂದು ವೀಳ್ಯ ಜಗಿದು ಮುಗಿಸುವಷ್ಟೇ. ಗಿಣಿ ತಲೆ ಕೆರೆದುಕೊಂಡಿತೆಂದರೆ ಅಂದಿನ ಶಾಲೆ ಮುಗಿಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ದೇಶೀಯ ಪಕ್ಷಿಗಳ ವ್ಯಾಪಾರವನ್ನು ನಿಷೇಧಿಸಿದ 1991ರ ತಿದ್ದುಪಡಿಯೂ ಬಂದ ಮೇಲೆ ನಮ್ಮ ಗಿಣಿಯನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿಟ್ಟು ಸಾಕುವುದೂ ಅಪರಾಧ. ಅದು ಸರಿಯೇ, ಬುಟ್ಟಿಯಲ್ಲಿ ಉಸಿರುಗಟ್ಟಿ ಸತ್ತ ಮರಿಗಳನ್ನು ಸಂತೆಯ ಬದಿಯಲ್ಲಿ ಎಸೆದುದನ್ನು ಕಂಡವರಾರೂ ಹಳೆಯ ಕಾಲವೇ ಚೆನ್ನಾಗಿತ್ತೆನ್ನಲಾರರು. ಪೇಟೆಯಲ್ಲಿ ಈಗ ಸಿಗುವುವು ಲವ್ ಬರ್ಡ್ಸ್, ಕಾಕಟೀಲ್, ಮಕಾವ್ ಮೊದಲಾದ ಪರದೇಶಿಗಳು. ಮನೆ ತಪ್ಪಿದ, ಗಾಯಗೊಂಡ ಗಿಣಿಗಳಿಗೆಂದು ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ 2012ರಲ್ಲಿ ‘ಶುಕವನ’ವೆಂಬ ದೊಡ್ಡ ಪಕ್ಷಿಶಾಲೆಯಾಯಿತು, 2017ರಲ್ಲಿ ಅಲ್ಲಿದ್ದ 468 ಜಾತಿಗಳಿಗಾಗಿ ಗಿನ್ನೆಸ್ ದಾಖಲೆಯೂ ಬಂದಿತು. ಅಷ್ಟೊಂದು ಮನೆಗಳಿಂದ ಬಂದ ಪಕ್ಷಿಗಳು ಒಂದೆಡೆ ಸೇರಿದರೆ ಅಷ್ಟೂ ಮನೆಗಳ ಕೂಗುಗಳು, ಕೆಮ್ಮುಗಳು ಅಲ್ಲಿ ಸೇರಿರಬೇಕೆಂಬ ಯೋಚನೆ ನನಗೆ ಬರುವುದು.

ಏಕೆಂದರೆ ನಮ್ಮ ಅಜ್ಜಿಯ ಗಿಣಿ ಕೊನೆಯವರೆಗೂ ‘ರಂಗಾ’ ಎನ್ನಲಿಲ್ಲ. ಕಾರ್ಖಾನೆಯ ಸೈರನ್ನನ್ನು ಕೂಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ, ನಾವಾರೂ ಕಂಡಿರದ ಒಬ್ಬ ಮುದುಕರ ಧ್ವನಿಯಲ್ಲಿ ಎರಡು ಸಲ ಕೆಮ್ಮಿ, ‘ಶಾರದಾ, ಶಾರದಾ’ ಎಂದು ಕರೆಯುತ್ತಿತ್ತು. ಆ ಹೆಸರಿನವರು ನಮ್ಮ ಮನೆಯಲ್ಲಿರಲಿಲ್ಲ. ಉತ್ತರ ಬಾರದಿದ್ದರೆ ಕರೆಯುತ್ತಲೇ ಇದ್ದು, ಧ್ವನಿಯೇರಿಸಿ, ಕೊನೆಗೆ ಪಂಜರದ ಸರಳನ್ನು ಕಚ್ಚಿ ಅಲುಗಿಸುತ್ತಿತ್ತು. ಮಳೆಗಾಲದ ಒಂದು ಸಂಜೆ ಅಜ್ಜಿ ಒಲೆಯ ಮುಂದೆ ಕುಳಿತಲ್ಲಿಂದಲೇ, ರಾಗಿಮುದ್ದೆ ತಿರುವುತ್ತಿದ್ದ ಕೋಲನ್ನು ಕೆಳಗಿಡದೆ, ‘ಓ, ಬಂದೆ ತಡಿಯಪ್ಪ’ ಎಂದಳು. ಪಡಸಾಲೆಯಲ್ಲಿ ಸದ್ದಡಗಿತು. ಮರುದಿನದಿಂದ ದೀಪ ಹಚ್ಚುವ ಹೊತ್ತಿಗೆ ಆಕೆ ಶಾರದೆಯಾದಳು.