ಪರಿಕಲ್ಪನಾ ನಕ್ಷೆ: ದಂತವೈದ್ಯ ವಿದ್ಯಾರ್ಥಿಗಳ ಭಾಷಾಶಿಕ್ಷಣದಲ್ಲಿ

ಒಂದು ವಿಷಯಕ್ಕೆ ಸೇರಿದ ಪರಿಕಲ್ಪನೆಗಳನ್ನು ಚೌಕಗಳಲ್ಲಿ ಬರೆದು, ಅವುಗಳ ಪರಸ್ಪರ ಸಂಬಂಧವನ್ನು ಗೆರೆಗಳ ಮೇಲಿನ ಪದಗಳಿಂದ ಸೂಚಿಸುವ ರೇಖಾಚಿತ್ರಕ್ಕೆ ಪರಿಕಲ್ಪನಾ ನಕ್ಷೆ ಎಂದು ಹೆಸರು. ವಿಜ್ಞಾನ ಶಿಕ್ಷಣದಲ್ಲಿ ಹುಟ್ಟಿದ ಈ ಸಾಧನವನ್ನು ದಂತವೈದ್ಯ ವಿದ್ಯಾರ್ಥಿಗಳ ಓದು, ಬರಹ ಮತ್ತು ರೋಗಿಯೊಡನೆ ಆಡುವ ಮಾತನ್ನು ಪಳಗಿಸಲೂ ಬಳಸಬಹುದು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೋವಾಕ್ ಮತ್ತು ಸಂಗಡಿಗರು ಮಕ್ಕಳ ವಿಜ್ಞಾನದ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆಂದು ಅರಿಯಲು ನಡೆಸಿದ ಸಂದರ್ಶನಗಳ ಬರಹರೂಪ ರಾಶಿಬಿದ್ದು, ಬದಲಾವಣೆಯನ್ನು ಗುರುತಿಸುವುದೇ ಕಷ್ಟವಾದಾಗ, ಮಕ್ಕಳ ಮಾತನ್ನು ಪರಿಕಲ್ಪನೆಗಳಾಗಿಯೂ ಅವನ್ನು ಕೂಡಿಸುವ ಹೇಳಿಕೆಗಳಾಗಿಯೂ ಬಿಡಿಸಿ ಚಿತ್ರಿಸುವ ಕ್ರಮ 1972ರಲ್ಲಿ ರೂಪುಗೊಂಡಿತು. ಹೊಸ ತಿಳಿವು ಮನಸ್ಸಿನಲ್ಲಿ ಮೊದಲೇ ಇರುವ ತಿಳಿವಿನೊಡನೆ ಬೆಸೆದುಕೊಂಡಾಗಲೇ ಕಲಿಕೆ ಅರ್ಥಪೂರ್ಣವಾಗುತ್ತದೆಂಬ ಡೇವಿಡ್ ಆಸುಬೆಲ್‌ರ ಸಿದ್ಧಾಂತ (1963) ಇದಕ್ಕೆ ಆಧಾರ. ಹೀಗೆ ನಕ್ಷೆ ಹುಟ್ಟಿದ್ದೇ ಆಡಿದ ಮಾತನ್ನು ಓದುವ ಉಪಾಯವಾಗಿ. ಭಾಷಾಶಿಕ್ಷಕರು ಅದನ್ನು ಕೈಗೆತ್ತಿಕೊಂಡದ್ದನ್ನು ಎರವಲು ಎನ್ನುವುದು ಅಷ್ಟಾಗಿ ಸರಿಯಾಗದು. ಟೋನಿ ಬುಜಾನ್ ಪ್ರಚುರಪಡಿಸಿದ ಮೈಂಡ್ ಮ್ಯಾಪ್‌ನಲ್ಲಿ ಎರಡು ಪರಿಕಲ್ಪನೆಗಳನ್ನು ಕೂಡಿಸುವ ಕ್ರಿಯಾಪದ ಇರಬೇಕಾಗಿಲ್ಲವಾದ್ದರಿಂದ ಅದನ್ನೂ ಪರಿಕಲ್ಪನಾ ನಕ್ಷೆಯನ್ನೂ ಒಂದೆಂದು ಭಾವಿಸಬಾರದು.

ಭಾಷೆಯ ಕೆಲಸವೆಲ್ಲ ನಡೆಯುವುದು ಗೆರೆಯ ಮೇಲೆಯೇ. ದಂತಕ್ಷಯದ ನಕ್ಷೆಯಲ್ಲಿ ಸಕ್ಕರೆ, ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾ, ಆಮ್ಲ, ಎನಾಮಲ್ ಎಂಬ ಚೌಕಗಳನ್ನು ಬಾಯಿಪಾಠದ ಬಲದಿಂದಲೇ ತುಂಬಬಹುದು. ಆದರೆ ಬ್ಯಾಕ್ಟೀರಿಯಾ ಸಕ್ಕರೆಯನ್ನು ಹುದುಗಿಸಿ ಆಮ್ಲವನ್ನು ಉತ್ಪಾದಿಸುತ್ತದೆ, ಪಿಎಚ್ ಮೌಲ್ಯ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್‌ನ ಖನಿಜಾಂಶ ಕರಗತೊಡಗುತ್ತದೆ ಎಂದು ಕೂಡಿಸಲು ಕಾರಣ, ಕ್ರಮ ಮತ್ತು ಷರತ್ತುಗಳನ್ನು ಹೇಳುವ ವಾಕ್ಯರಚನೆ ವಶವಾಗಿರಬೇಕು. ಸಕ್ಕರೆ ಹುಳುಕನ್ನು ‘ಉಂಟುಮಾಡುತ್ತದೆ’ ಎನ್ನುವುದಕ್ಕೂ ಹುಳುಕಿನ ‘ಸಂಭವವನ್ನು ಹೆಚ್ಚಿಸುತ್ತದೆ’ ಎನ್ನುವುದಕ್ಕೂ, ವ್ಯಾಕರಣದ ದೃಷ್ಟಿಯಿಂದ ಎರಡೂ ಸರಿಯಾದರೂ, ಚಿಕಿತ್ಸಾಲಯದಲ್ಲಿ ಅಂತರವಿದೆ.

ಕರ್ನಾಟಕದ ದಂತವೈದ್ಯ ಕಾಲೇಜುಗಳಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆದರೂ ಹೊರರೋಗಿ ವಿಭಾಗದ ಮಾತು ಬಹುಮಟ್ಟಿಗೆ ಕನ್ನಡವಾದ್ದರಿಂದ, ಒಂದೇ ನಕ್ಷೆಯನ್ನು ಎರಡು ಭಾಷೆಗಳಲ್ಲಿ ಬರೆಯಿಸುವುದು ಪ್ರಯೋಜನಕರವೆನಿಸುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದಲೂ ವಿಭಕ್ತಿ ಪ್ರತ್ಯಯ ನಾಮಪದಕ್ಕೇ ಹತ್ತುವುದರಿಂದಲೂ ‘ಆಮ್ಲ, ಕರಗಿಸುತ್ತದೆ, ಎನಾಮಲ್’ ಎಂಬ ಇಂಗ್ಲಿಷ್ ಕ್ರಮದ ಸಾಲನ್ನು ಹಾಗೆಯೇ ಇಳಿಸಲಾಗದು. ವಿದ್ಯಾರ್ಥಿ ಪ್ರತಿ ಗೆರೆಯನ್ನೂ ‘ಆಮ್ಲ ಎನಾಮಲನ್ನು ಕರಗಿಸುತ್ತದೆ’ ಎಂಬಂತೆ ಪೂರ್ಣ ವಾಕ್ಯವಾಗಿ ಓದಿಹೇಳಬೇಕಾಗುತ್ತದೆ.

ಆದರೂ ಆಲಿಸುವಿಕೆ ಮತ್ತು ಮಾತಿನ ಧಾಟಿಯನ್ನು ನಕ್ಷೆ ಕಲಿಸದು. ಮೌಲ್ಯಮಾಪನವೂ ತೊಡಕಿನದು: ನೋವಾಕ್ ಮತ್ತು ಬಾಬ್ ಗೋವಿನ್ 1984ರ ‘ಲರ್ನಿಂಗ್ ಹೌ ಟು ಲರ್ನ್’ ಗ್ರಂಥದಲ್ಲಿ ಸೂಚಿಸಿದ ಅಂಕಪದ್ಧತಿಯಲ್ಲಿ ಸರಿಯಾದ ಪ್ರತಿ ಹೇಳಿಕೆಗೆ 1, ಶ್ರೇಣಿಯ ಪ್ರತಿ ಹಂತಕ್ಕೆ 5, ನಕ್ಷೆಯ ಬೇರೆ ಬೇರೆ ಭಾಗಗಳನ್ನು ಕೂಡಿಸುವ ಮಹತ್ವದ ಅಡ್ಡಕೊಂಡಿಗೆ 10 ಅಂಕಗಳಿದ್ದು, ಭಾಷಾಶಿಕ್ಷಕರಿಗೆ ಮುಖ್ಯವಾದ ಹೇಳಿಕೆಯೇ ಅಲ್ಲಿ ಕನಿಷ್ಠ ಅಂಕದ್ದಾಗಿದೆ.